ಅಂಕ ಬಚ್ಚಿಡದ ಪ್ರಶಸ್ತಿ: ಅಮೆರಿಕದ ಸಿನಿಮಾ ವಿಮರ್ಶಕರ ಸಂಘದ ಹಿನ್ನೆಲೆ

2025ರ ಜನವರಿ 4ರಂದು ಅಮೆರಿಕದ ನ್ಯಾಷನಲ್ ಸೊಸೈಟಿ ಆಫ್ ಫಿಲ್ಮ್ ಕ್ರಿಟಿಕ್ಸ್ ಸಂಘ ಪಾಯಲ್ ಕಪಾಡಿಯಾ ಅವರನ್ನು ವರ್ಷದ ಅತ್ಯುತ್ತಮ ನಿರ್ದೇಶಕಿ ಎಂದು ಆರಿಸಿತು. ಚಿತ್ರ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್'. ಮುಂಬೈನಲ್ಲಿ ಕೆಲಸ ಮಾಡುವ ಮಲಯಾಳಿ ನರ್ಸ್‌ಗಳ ಕಥೆ. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ನ್ಯೂಯಾರ್ಕ್ ವಿಮರ್ಶಕರ ಬಳಗ, ಲಾಸ್ ಏಂಜಲಿಸ್ ವಿಮರ್ಶಕರ ಸಂಘ ಕೂಡ ಇದೇ ಚಿತ್ರಕ್ಕೆ ಪ್ರಶಸ್ತಿ ಕೊಟ್ಟಿದ್ದವು. ಇಲ್ಲಿ ಕೂತು ಸುದ್ದಿ ಓದುವವರಿಗೆ ಮೂರೂ ಒಂದೇ ಥರ ಕಾಣುತ್ತವೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಮೊದಲಿನ ಎರಡೂ ಸಂಘಗಳು ಅದನ್ನು ವಿದೇಶಿ ಚಿತ್ರಗಳ ಸಾಲಿನಲ್ಲಿ ಗೆಲ್ಲಿಸಿದವು. ನ್ಯಾಷನಲ್ ಸೊಸೈಟಿ ಆ ಪ್ರಶಸ್ತಿಯ ಜೊತೆಗೆ, ಹಾಲಿವುಡ್‌ನವರೂ ಕಣ್ಣಿಟ್ಟಿದ್ದ ನಿರ್ದೇಶನದ ಪ್ರಶಸ್ತಿಯನ್ನೂ ಕೊಟ್ಟಿತು.

ಆ ವರ್ಷ ಭಾರತದಿಂದ ಆಸ್ಕರ್‌ಗೆ ಹೋಗಿದ್ದು ಬೇರೆ ಚಿತ್ರ. ಆಸ್ಕರ್‌ನ ವಿದೇಶಿ ವಿಭಾಗಕ್ಕೆ ಒಂದು ದೇಶ ಒಂದೇ ಚಿತ್ರ ಕಳಿಸಬೇಕು, ಅದನ್ನು ಇಲ್ಲಿನ ಸಮಿತಿಯೊಂದು ಆರಿಸುತ್ತದೆ. ಈ ವಿಮರ್ಶಕರಿಗೆ ಅಂಥ ಶಿಫಾರಸು ಬೇಕಿಲ್ಲ. ಆ ವರ್ಷ ಅಮೆರಿಕದಲ್ಲಿ ಬಿಡುಗಡೆ ಆಗಿದ್ದರೆ ಸಾಕು.

ಅಮೆರಿಕದಲ್ಲಿ ಈ ಥರದ ಪ್ರಶಸ್ತಿಗಳು ಎಷ್ಟಿವೆ ಅಂತ ಲೆಕ್ಕ ಹಾಕಲು ಹೋದರೆ ತಲೆ ಕೆಡುತ್ತದೆ. ನ್ಯಾಷನಲ್ ಬೋರ್ಡ್ ಆಫ್ ರಿವ್ಯೂ 1909ರದ್ದು, ಆದರೆ ಅದು ವಿಮರ್ಶಕರ ಸಂಘವಲ್ಲ. ಗೋಲ್ಡನ್ ಗ್ಲೋಬ್ ಅನ್ನು ಬಹಳ ಕಾಲ ಕೊಡುತ್ತಿದ್ದವರು ಹಾಲಿವುಡ್‌ನಲ್ಲಿದ್ದ ವಿದೇಶಿ ಪತ್ರಕರ್ತರು. ಕ್ರಿಟಿಕ್ಸ್ ಚಾಯ್ಸ್ ತೊಂಬತ್ತರ ದಶಕದಲ್ಲಿ ಟೀವಿ-ರೇಡಿಯೊ ವಿಮರ್ಶಕರು ಶುರು ಮಾಡಿದ್ದು. ನ್ಯೂಯಾರ್ಕ್ ಬಳಗ 1935ರದ್ದು, ಲಾಸ್ ಏಂಜಲಿಸ್ ಸಂಘ 1975ರದ್ದು. ಇವೆರಡರ ನಡುವೆ, 1966ರಲ್ಲಿ, ಒಂದು ಜಗಳದಿಂದ ಹುಟ್ಟಿದ್ದು ನ್ಯಾಷನಲ್ ಸೊಸೈಟಿ.

ಜಗಳ ಏನು ಅಂದರೆ, ನ್ಯೂಯಾರ್ಕ್ ಬಳಗದಲ್ಲಿ ದಿನಪತ್ರಿಕೆಯವರಿಗೆ ಮಾತ್ರ ಜಾಗ ಇತ್ತು. ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಬರೆಯುವವರು ಎಷ್ಟೇ ಚೆನ್ನಾಗಿ ಬರೆದರೂ ಹೊರಗೇ. 'ಸ್ಯಾಟರ್ಡೇ ರಿವ್ಯೂ' ಪತ್ರಿಕೆಯ ಹಾಲಿಸ್ ಆಲ್ಪರ್ಟ್ ಹಾಗೆ ಹೊರಗುಳಿದವರಲ್ಲಿ ಒಬ್ಬರು. ಅವರದೇ ಮನೆಯಲ್ಲಿ ಹೊಸ ಸಂಘ ಶುರುವಾಯಿತು. ನ್ಯೂಸ್‌ವೀಕ್‌ನ ಜೋ ಮಾರ್ಗೆನ್‌ಸ್ಟರ್ನ್, ಲೈಫ್ ಪತ್ರಿಕೆಯ ರಿಚರ್ಡ್ ಶಿಕೆಲ್, ಮುಂದೆ 'ನ್ಯೂಯಾರ್ಕರ್' ವಾರಪತ್ರಿಕೆ ಸೇರಿದ ಪಾಲಿನ್ ಕೇಲ್ ಜೊತೆಯಾದರು. ಆಗ ನ್ಯೂಯಾರ್ಕ್ ಬಳಗದಲ್ಲಿ ಮಾತು ನಡೆಯುತ್ತಿದ್ದುದು ನ್ಯೂಯಾರ್ಕ್ ಟೈಮ್ಸ್‌ನ ಬಾಸ್ಲಿ ಕ್ರೌದರ್ ಅವರದು. 1940ರಿಂದ ಅದೇ ಕುರ್ಚಿಯಲ್ಲಿದ್ದವರು ಅವರು. ಯುರೋಪಿನ ಚಿತ್ರಗಳನ್ನು ಅಮೆರಿಕದ ಓದುಗರಿಗೆ ಪರಿಚಯಿಸಿದವರಲ್ಲಿ ಅವರೂ ಒಬ್ಬರು, ಅದನ್ನು ಮರೆಯಬಾರದು. ಆದರೆ ಅರವತ್ತರ ದಶಕದ ಕೊನೆಗೆ ಸಿನಿಮಾ ಬದಲಾಗಿತ್ತು, ನೋಡುವವರೂ ಬದಲಾಗಿದ್ದರು.

ಆ ಬದಲಾವಣೆ ಕಣ್ಣಿಗೆ ರಾಚಿದ್ದು 1967ರಲ್ಲಿ. ಆ ಆಗಸ್ಟ್‌ನಲ್ಲಿ 'ಬಾನಿ ಆ್ಯಂಡ್ ಕ್ಲೈಡ್' ಬಂತು. ಬ್ಯಾಂಕ್ ದೋಚುವ ಜೋಡಿಯ ಕಥೆ, ನಗು ಮತ್ತು ರಕ್ತ ಒಂದೇ ದೃಶ್ಯದಲ್ಲಿ. ಕ್ರೌದರ್ ಅದನ್ನು ಖಂಡಿಸಿದರು, ಮತ್ತೆ ಮತ್ತೆ ಖಂಡಿಸಿದರು. ಮಾರ್ಗೆನ್‌ಸ್ಟರ್ನ್ ಕೂಡ ಮೊದಲು ಬೈದೇ ಬರೆದರು. ಆಮೇಲೆ ಮತ್ತೊಮ್ಮೆ ಹೋಗಿ ನೋಡಿದರು. ಮುಂದಿನ ವಾರವೇ ಅದೇ ನ್ಯೂಸ್‌ವೀಕ್‌ನಲ್ಲಿ, ನನ್ನ ಹಿಂದಿನ ಮಾತು ತಪ್ಪು ಎಂದು ಹೊಸ ವಿಮರ್ಶೆ ಬರೆದರು. ಲಕ್ಷಗಟ್ಟಲೆ ಓದುಗರ ಕಣ್ಣಿಗೆ ಬೀಳುವ ಪುಟದಲ್ಲಿ ಹಾಗೆ ಬರೆಯಲು ಎದೆಗಾರಿಕೆ ಬೇಕು. ಅಕ್ಟೋಬರ್‌ನಲ್ಲಿ ಕೇಲ್ ಆ ಚಿತ್ರದ ಪರವಾಗಿ ಉದ್ದನೆಯ ಲೇಖನ ಬರೆದರು. ಅದನ್ನು ಇವತ್ತಿಗೂ ಸಿನಿಮಾ ಓದುವವರು ಹುಡುಕಿ ಓದುತ್ತಾರೆ. ವರ್ಷ ಮುಗಿಯುವ ಹೊತ್ತಿಗೆ ಕ್ರೌದರ್ ವಿಮರ್ಶಕರ ಕುರ್ಚಿಯಿಂದ ಇಳಿಯುವುದು ಖಚಿತವಾಗಿತ್ತು.

ಹೊಸ ಸಂಘ ಆ ವರ್ಷ ಏನು ಮಾಡಿತು? ಚಿತ್ರಕಥೆ ಮತ್ತು ಪೋಷಕ ನಟ (ಜೀನ್ ಹ್ಯಾಕ್‌ಮನ್) ಪ್ರಶಸ್ತಿಗಳನ್ನು 'ಬಾನಿ ಆ್ಯಂಡ್ ಕ್ಲೈಡ್'ಗೆ ಕೊಟ್ಟಿತು. ಅತ್ಯುತ್ತಮ ಚಿತ್ರ ಮಾತ್ರ ಸ್ವೀಡನ್ನಿನ ಬರ್ಗ್‌ಮನ್ ಅವರ 'ಪರ್ಸೋನಾ'. ನ್ಯೂಯಾರ್ಕ್ ಬಳಗ ಆರಿಸಿದ್ದು 'ಇನ್ ದ ಹೀಟ್ ಆಫ್ ದ ನೈಟ್', ಆಸ್ಕರ್ ಗೆದ್ದದ್ದೂ ಅದೇ. ಹಿಂದಿನ ವರ್ಷವೂ ಹೀಗೇ ಆಗಿತ್ತು. ನ್ಯೂಯಾರ್ಕ್ ಬಳಗ ಮತ್ತು ಆಸ್ಕರ್ 'ಎ ಮ್ಯಾನ್ ಫಾರ್ ಆಲ್ ಸೀಸನ್ಸ್' ಎಂದರೆ, ನ್ಯಾಷನಲ್ ಸೊಸೈಟಿ ಆಂಟೋನಿಯೋನಿ ಅವರ 'ಬ್ಲೋ-ಅಪ್' ಎಂದಿತ್ತು. ಬೇರೆ ಸಂಘ ಯಾಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ಒಳಗೆ ಎಲ್ಲರೂ ಒಮ್ಮನಸ್ಸಿನವರಾಗಿದ್ದರು ಅಂತಲ್ಲ. ಚಿತ್ರಕ್ಕೆ ನಿರ್ದೇಶಕನೇ ನಿಜವಾದ ಕರ್ತೃ ಎಂದು ವಾದಿಸಿದ ಆ್ಯಂಡ್ರೂ ಸ್ಯಾರಿಸ್ ಮತ್ತು ಅದನ್ನು ಉಗ್ರವಾಗಿ ವಿರೋಧಿಸಿದ ಕೇಲ್, ಇಬ್ಬರೂ ಇದೇ ಸಂಘದಲ್ಲಿದ್ದರು. ಕೇಲ್ ಅವರ ಹಿಂದೆ ಹೋಗುವ ಕಿರಿಯ ವಿಮರ್ಶಕರ ಗುಂಪೊಂದಿದೆ ಎಂಬ ದೂರೂ ಬಹಳ ಕಾಲ ಇತ್ತು. ನನಗೆ ಇದು ದೋಷ ಅನ್ನಿಸುವುದಿಲ್ಲ. ವಿಮರ್ಶಕರು ಸೇರಿದ ಕಡೆ ಜಗಳ ಇಲ್ಲದಿದ್ದರೆ ಅನುಮಾನ ಬರಬೇಕು, ಅಲ್ವಾ?

ಮುಂದೆ ನ್ಯೂಯಾರ್ಕ್ ಬಳಗವೂ ವಾರಪತ್ರಿಕೆ, ಮಾಸಪತ್ರಿಕೆಗಳವರಿಗೆ ಬಾಗಿಲು ತೆರೆಯಿತು, ಎರಡೂ ಕಡೆ ಇರುವ ಸದಸ್ಯರು ಈಗ ಇದ್ದಾರೆ. ನ್ಯಾಷನಲ್ ಸೊಸೈಟಿಗೆ ಬೇರೆ ಊರುಗಳ ವಿಮರ್ಶಕರೂ ಬಂದರು. ಎಪ್ಪತ್ತರಿಂದ ತೊಂಬತ್ತರವರೆಗೆ ರೋಮೇರ್, ಟ್ರುಫೊ, ಕುರೊಸಾವಾ, ಲಿಂಚ್, ಮೈಕ್ ಲೀ ಹೀಗೆ ಅತ್ಯುತ್ತಮ ಚಿತ್ರ ಗೆದ್ದ ನಿರ್ದೇಶಕರ ಪಟ್ಟಿ ಬೆಳೆಯಿತು. ಮೊದಲ 26 ವರ್ಷಗಳಲ್ಲಿ ಇವರ ಅತ್ಯುತ್ತಮ ಚಿತ್ರ ಮತ್ತು ಆಸ್ಕರ್‌ನ ಅತ್ಯುತ್ತಮ ಚಿತ್ರ ಒಂದೇ ಆಗಿದ್ದು ಒಂದೇ ಸಲ, 1977ರ 'ಆ್ಯನಿ ಹಾಲ್'.

2015ರಿಂದ ಈಚೆಗೆ ಪರಿಸ್ಥಿತಿ ಬೇರೆಯೇ. 'ಸ್ಪಾಟ್‌ಲೈಟ್', 'ಮೂನ್‌ಲೈಟ್', 'ಪ್ಯಾರಸೈಟ್', 'ನೊಮ್ಯಾಡ್‌ಲ್ಯಾಂಡ್': ಆರು ವರ್ಷದಲ್ಲಿ ನಾಲ್ಕು ಸಲ ಎರಡೂ ಕಡೆ ಒಂದೇ ಹೆಸರು. ವಿಮರ್ಶಕರು ಆಸ್ಕರ್ ಕಡೆ ವಾಲಿದರು ಎನ್ನುವವರಿದ್ದಾರೆ. ನನಗೆ ಉಲ್ಟಾ ಅನ್ನಿಸುತ್ತದೆ. ಬಿಳಿಯರದ್ದೇ ಪಾರುಪತ್ಯ ಎಂಬ ಟೀಕೆ ಬಂದ ಮೇಲೆ ಆಸ್ಕರ್ ಅಕಾಡೆಮಿ ಹೊಸ ಸದಸ್ಯರನ್ನು, ಹೊರದೇಶದವರನ್ನು ಜಾಸ್ತಿ ಸೇರಿಸಿಕೊಂಡಿತು. ಅವರ ರುಚಿ ಬದಲಾಯಿತು. ಆದರೂ ಒಂದು ಆತಂಕ ಉಳಿದೇ ಇದೆ. ಡಿಸೆಂಬರ್, ಜನವರಿಯ ವಿಮರ್ಶಕರ ಪ್ರಶಸ್ತಿಗಳನ್ನೆಲ್ಲ ಈಗ ಆಸ್ಕರ್ ಓಟದ ಮುನ್ಸೂಚನೆಯಾಗಿ ಮಾತ್ರ ಓದುತ್ತಾರೆ. ಒಂದು ಚಿತ್ರ ಯಾಕೆ ಒಳ್ಳೆಯದು ಎಂಬ ಮಾತೇ ಹಿಂದೆ ಸರಿಯುತ್ತದೆ.

ಸ್ಟುಡಿಯೋಗಳ ಕೈ ಎಷ್ಟು ಉದ್ದ ಅಂತ 2003ರಲ್ಲಿ ಗೊತ್ತಾಗಿತ್ತು. ಪೈರಸಿ ತಡೆಯಬೇಕು ಎಂದು ಪ್ರಶಸ್ತಿ ಮತದಾರರಿಗೆ ಚಿತ್ರದ ಪ್ರತಿ ಕಳಿಸುವುದನ್ನು ದೊಡ್ಡ ಸ್ಟುಡಿಯೋಗಳ ಒಕ್ಕೂಟ ನಿಲ್ಲಿಸಿತು. ಆಮೇಲೆ ಆಸ್ಕರ್ ಮತದಾರರಿಗೆ ಮಾತ್ರ ವಿನಾಯಿತಿ ಕೊಟ್ಟಿತು, ವಿಮರ್ಶಕರಿಗಿಲ್ಲ. ಪೆಟ್ಟು ಬಿದ್ದದ್ದು ಸಣ್ಣ ಚಿತ್ರಗಳಿಗೆ. ಲಾಸ್ ಏಂಜಲಿಸ್ ಸಂಘ ತನ್ನ ಪ್ರಶಸ್ತಿಯನ್ನೇ ರದ್ದು ಮಾಡುತ್ತೇವೆ ಎಂದಿತು. ಸ್ವತಂತ್ರ ನಿರ್ಮಾಪಕರು ಕೋರ್ಟಿಗೆ ಹೋದರು. ಡಿಸೆಂಬರ್‌ನಲ್ಲಿ ಕೋರ್ಟ್ ಆ ನಿಷೇಧಕ್ಕೆ ತಡೆ ಹಾಕಿತು.

ಇಷ್ಟೆಲ್ಲ ಆದರೂ ಈ ಸಂಘದ ಒಂದು ಪದ್ಧತಿ ನನಗೆ ಬಹಳ ಇಷ್ಟ. ನಾಮನಿರ್ದೇಶನ ಇಲ್ಲ. ವೇದಿಕೆ, ಸಮಾರಂಭ ಇಲ್ಲ. ಗೆದ್ದವರಿಗೆ ಒಂದು ಪ್ರಶಸ್ತಿ ಪತ್ರ ಕಳಿಸುತ್ತಾರೆ, ಅಷ್ಟೇ. ಪ್ರತಿ ವಿಭಾಗಕ್ಕೂ ಸದಸ್ಯರು ಮೂರು ಹೆಸರು ಬರೆಯಬೇಕು. ಮೊದಲನೆಯದಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಹೆಚ್ಚು ಅಂಕ ಬಂದರೆ ಸಾಲದು, ಅರ್ಧಕ್ಕಿಂತ ಜಾಸ್ತಿ ಚೀಟಿಗಳಲ್ಲಿ ಆ ಹೆಸರು ಇರಬೇಕು. ಇಲ್ಲದಿದ್ದರೆ ಮತ್ತೊಂದು ಸುತ್ತು. ಸಭೆಗೆ ಬರದೆ ಮತ ಕಳಿಸಿದವರ ಚೀಟಿ ಆ ಸುತ್ತಿಗೆ ಲೆಕ್ಕಕ್ಕಿಲ್ಲ. ಕೊನೆಗೆ ಯಾರಿಗೆ ಎಷ್ಟು ಅಂಕ ಬಂತು ಎಂಬುದನ್ನು ಪ್ರಕಟಿಸುತ್ತಾರೆ.

ಅದರಿಂದಲೇ 2014ರ ಕಥೆ ನಮಗೆ ಗೊತ್ತು. ಹನ್ನೆರಡು ವರ್ಷ ಚಿತ್ರೀಕರಿಸಿದ 'ಬಾಯ್‌ಹುಡ್' ಗೆಲ್ಲುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದರು. ಅದಕ್ಕೆ 24 ಅಂಕ. ಗೊಡಾರ್ ಅವರ 3ಡಿ ಚಿತ್ರ 'ಗುಡ್‌ಬೈ ಟು ಲ್ಯಾಂಗ್ವೇಜ್'ಗೆ 25. ಒಬ್ಬೇ ಒಬ್ಬ ಸದಸ್ಯ 'ಬಾಯ್‌ಹುಡ್' ಅನ್ನು ಮೂರರಿಂದ ಎರಡನೇ ಸ್ಥಾನಕ್ಕೆ ಏರಿಸಿದ್ದರೂ ಸಮ ಆಗುತ್ತಿತ್ತು. ಅದೇ ದಿನ ಅತ್ಯುತ್ತಮ ನಿರ್ದೇಶಕ ಎಂದು ಗೆದ್ದವರು 'ಬಾಯ್‌ಹುಡ್'ನ ರಿಚರ್ಡ್ ಲಿಂಕ್‌ಲೇಟರ್. ಈ ಆಯ್ಕೆಯನ್ನು ಒಪ್ಪದವರೂ ಎದುರಿಗಿದ್ದ ಅಂಕ ನೋಡಿಕೊಂಡೇ ವಾದ ಮಾಡಬಹುದಿತ್ತು. ನಮ್ಮಲ್ಲೂ ವಿಮರ್ಶಕರೇ ಸೇರಿ ಕೊಡುವ ಪ್ರಶಸ್ತಿಗಳು ಈಗ ಇವೆ. ಅವೂ ಪೂರ್ತಿ ಅಂಕಪಟ್ಟಿ ಹೊರಗೆ ಬಿಡಲಿ. ಯಾವ ಕನ್ನಡ ಚಿತ್ರ ಎಷ್ಟು ಅಂಕದಿಂದ ಸೋತಿತು ಅಂತ ನೋಡುವ ಆಸೆ ನನಗಂತೂ ಇದೆ.