ಗೂಡು ಬೆಳೆದವರು ಅರ್ಜಿದಾರರಲ್ಲ: ರೇಷ್ಮೆ ಆಮದು ಮತ್ತು ಸುಂಕದ ನಿಯಮಗಳು

ಚೀನಾದ ಕಚ್ಚಾ ರೇಷ್ಮೆ ಅಗ್ಗದ ದರಕ್ಕೆ ಬಂದು ಗೂಡಿನ ಬೆಲೆ ಬಿದ್ದಾಗಲೆಲ್ಲ, ವಿಶ್ವ ವ್ಯಾಪಾರ ಸಂಸ್ಥೆಗೆ ಸಹಿ ಹಾಕಿದ ಮೇಲೆ ನಮ್ಮ ಸರ್ಕಾರದ ಕೈ ಕಟ್ಟಿಹೋಗಿದೆ ಎಂಬ ಮಾತು ಶಿಡ್ಲಘಟ್ಟದಲ್ಲಿ ಕೇಳಿಬರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ನೂಲು ಬಿಚ್ಚಾಣಿಕೆ ಘಟಕಗಳ ವೆಚ್ಚದ ಲೆಕ್ಕ ನೋಡುವ ವೃತ್ತಿಯವನಾದ ನಾನು ಈ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ನಿಯಮಗಳು ಕೆಲವು ದಾರಿಗಳನ್ನು ಮುಚ್ಚಿವೆ, ನಿಜ. ಆದರೆ ತೆರೆದಿರುವ ದಾರಿಯಲ್ಲಿ ನಡೆಯಬೇಕಾದರೆ ಕೇಳುವ ಪುರಾವೆ ಗೂಡಿನಿಂದ ನೂಲು ಬಿಚ್ಚುವ ನಮ್ಮ ರೀಲರ್‌ಗಳ ಬಳಿ ಇಲ್ಲ, ಮತ್ತು ಅದನ್ನು ಒದಗಿಸಿಕೊಡುವ ಕೆಲಸವನ್ನು ಯಾರೂ ತಮ್ಮದೆಂದುಕೊಂಡಿಲ್ಲ. ನನ್ನ ಮಟ್ಟಿಗೆ ದೊಡ್ಡ ತೊಡಕು ಇದೇ.

ಮುಚ್ಚಿದ ದಾರಿ ಯಾವುದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ವಿದೇಶಿ ವಿನಿಮಯದ ಕೊರತೆಯನ್ನು ಕಾರಣವಾಗಿಟ್ಟುಕೊಂಡು ಭಾರತ ಬಹಳ ಕಾಲ ಆಮದಿನ ಪ್ರಮಾಣವನ್ನೇ ನಿರ್ಬಂಧಿಸುತ್ತಿತ್ತು. ಅಮೆರಿಕ ಹೂಡಿದ ವ್ಯಾಜ್ಯದಲ್ಲಿ 1999ರಲ್ಲಿ ನಾವು ಸೋತೆವು. ಆ ನಿರ್ಬಂಧಗಳ ಕೊನೆಯ ಪಟ್ಟಿ 2001ರ ಏಪ್ರಿಲ್ 1ರಂದು ತೆರವಾಯಿತು. ಅದೇ ವರ್ಷದ ಡಿಸೆಂಬರ್ 11ರಂದು ಚೀನಾ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ರಾಷ್ಟ್ರವಾಯಿತು. ಅಲ್ಲಿಂದ ಮುಂದೆ ರಕ್ಷಣೆಗೆ ಉಳಿದದ್ದು ಮುಖ್ಯವಾಗಿ ಸುಂಕವೊಂದೇ.

ಆ ಸುಂಕದ ವಿಷಯದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ನೆಲೆಯಾದ ಜಿನೀವಾವನ್ನು ದೂರುವುದು ಸರಿಯಲ್ಲ. ಒಂದು ಸರಕಿಗೆ ಇಷ್ಟಕ್ಕಿಂತ ಹೆಚ್ಚು ಸುಂಕ ವಿಧಿಸುವುದಿಲ್ಲವೆಂದು ಸದಸ್ಯ ರಾಷ್ಟ್ರ ಬರೆದುಕೊಡುವ ಮೇಲ್ಮಿತಿಗೆ ಬದ್ಧ ದರ ಎನ್ನುತ್ತಾರೆ. ಅದರೊಳಗೆ ಏರಿಸುವುದೂ ಇಳಿಸುವುದೂ ಆಯಾ ಸರ್ಕಾರದ ಇಚ್ಛೆ. 2011-12ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಮೂಲ ಸೀಮಾ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದ್ದು ನಮ್ಮದೇ ನಿರ್ಧಾರ. ಅಲ್ಲಿಯವರೆಗೆ ಜಾರಿಯಲ್ಲಿದ್ದ ಶೇ 30 ನಿಯಮಕ್ಕೆ ಒಳಪಟ್ಟೇ ಇತ್ತು. ಮಗ್ಗದವರಿಗೆ ಅಗ್ಗದ ನೂಲು ಬೇಕಿತ್ತು, ಅವರೂ ಶ್ರಮಜೀವಿಗಳೇ, ಅವರ ಬೇಡಿಕೆಯೂ ನ್ಯಾಯವಾದದ್ದೇ. ಆದರೆ ಅದರ ಹೊರೆ ಇಲ್ಲಿನ ಹಿಪ್ಪುನೇರಳೆ ತೋಟಗಳ ಮೇಲೆ ಬಿತ್ತು. 2013ರಲ್ಲಿ ಸುಂಕ ಶೇ 15ಕ್ಕೇರಿತು, ಬಳಿಕ ಶೇ 10ಕ್ಕಿಳಿಯಿತು, 2021ರಲ್ಲಿ ಮತ್ತೆ ಶೇ 15 ಆಯಿತು. ಇಷ್ಟು ಏರಿಳಿತ ಕಂಡ ರೀಲರ್ ಹೊಸ ಯಂತ್ರಕ್ಕೆ ಸಾಲ ಮಾಡಲು ಹಿಂಜರಿದರೆ ಅವನನ್ನು ದೂಷಿಸಲಾಗದು.

ಕೃಷಿ ಒಪ್ಪಂದದ ಒಂದನೇ ಅನುಬಂಧದಲ್ಲಿ ಗೂಡು, ಕಚ್ಚಾ ರೇಷ್ಮೆ ಮತ್ತು ರೇಷ್ಮೆ ತ್ಯಾಜ್ಯ ಕೃಷಿ ಉತ್ಪನ್ನಗಳ ಸಾಲಿನಲ್ಲಿವೆ. ಹುರಿ ಮಾಡಿದ ನೂಲು ಮತ್ತು ಬಟ್ಟೆ ಕೈಗಾರಿಕಾ ಸರಕುಗಳು. ಕೃಷಿ ಉತ್ಪನ್ನದ ಆಮದು ಹಠಾತ್ತನೆ ಏರಿದರೆ ಹೆಚ್ಚುವರಿ ಸುಂಕ ಹಾಕುವ ವಿಶೇಷ ರಕ್ಷಣೆಯ ಹಕ್ಕು ಆ ಒಪ್ಪಂದದಲ್ಲಿ ಇದೆಯಾದರೂ ಅದು ಎಲ್ಲರಿಗೂ ಇಲ್ಲ. ಹಳೆಯ ನಿರ್ಬಂಧಗಳನ್ನು ಸುಂಕವಾಗಿ ಪರಿವರ್ತಿಸಿ, ಆ ಹಕ್ಕನ್ನು ಕಾದಿರಿಸಿಕೊಂಡ ದೇಶಗಳಿಗೆ ಮಾತ್ರ ಅದು ಸಿಕ್ಕಿತು. ಶ್ರೀಮಂತ ರಾಷ್ಟ್ರಗಳು ಅದನ್ನು ಧಾರಾಳವಾಗಿ ಪಡೆದವು, ಮೇಲ್ಮಿತಿಯನ್ನಷ್ಟೇ ಬರೆದುಕೊಟ್ಟ ಭಾರತಕ್ಕೆ ಸಿಗಲಿಲ್ಲ. ಅಭಿವೃದ್ಧಿಶೀಲ ದೇಶಗಳಿಗೆಂದೇ ಇಂಥದೊಂದು ವ್ಯವಸ್ಥೆ ಬೇಕೆಂಬ ಬೇಡಿಕೆಯನ್ನು 2015ರ ನೈರೋಬಿ ಸಮ್ಮೇಳನ ಒಪ್ಪಿಕೊಂಡಿತು, ಆದರೆ ಮಾತುಕತೆ ಮುಗಿಯಲಿಲ್ಲ. ನಿಯಮಗಳಲ್ಲಿನ ತಾರತಮ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಉಳಿದಿರುವ ಮುಖ್ಯ ಅಸ್ತ್ರ, ತವರಿನ ಬೆಲೆಗಿಂತ ಅಗ್ಗವಾಗಿ ತಂದು ಸುರಿಯುವ ಸರಕಿನ ಮೇಲೆ ಹಾಕುವ ಸುರಿ ವಿರೋಧಿ ಸುಂಕ, ಅಂದರೆ ಆ್ಯಂಟಿ ಡಂಪಿಂಗ್ ಡ್ಯೂಟಿ. ಚೀನಾದ 2ಎ ಮತ್ತು ಅದಕ್ಕಿಂತ ಕೆಳದರ್ಜೆಯ ಕಚ್ಚಾ ರೇಷ್ಮೆಯ ಮೇಲೆ ಭಾರತ 2003ರಲ್ಲಿ ಇದನ್ನು ವಿಧಿಸಿತ್ತು. ಇದು ತಾನಾಗಿ ಬರುವ ಸುಂಕವಲ್ಲ. ಅರ್ಜಿಯನ್ನು ಬೆಂಬಲಿಸುವ ಉತ್ಪಾದಕರ ಪಾಲು ದೇಶದ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ ಶೇ 25 ಇರಬೇಕು, ವಿರೋಧಿಸುವವರ ಪಾಲಿಗಿಂತಲೂ ಹೆಚ್ಚಿರಬೇಕು. ಎರಡು ಮೂರು ಕಾರ್ಖಾನೆಗಳೇ ಸರಕನ್ನೆಲ್ಲ ತಯಾರಿಸುವ ಉಕ್ಕು ಅಥವಾ ರಾಸಾಯನಿಕ ಉದ್ಯಮಕ್ಕೆ ಇದು ಒಂದು ಸಭೆಯ ಕೆಲಸ. ಹಳ್ಳಿ, ಪೇಟೆ, ಓಣಿಗಳಲ್ಲಿ ಚದುರಿರುವ ಬಿಚ್ಚಾಣಿಕೆದಾರರಿಗೆ ಅದು ವರ್ಷಗಟ್ಟಲೆ ಓಡಾಟ. ಇಂಥ ಚದುರಿದ ಉದ್ಯಮದಲ್ಲಿ ಮಾದರಿ ಸಮೀಕ್ಷೆಯಿಂದ ಬೆಂಬಲ ಅಳೆಯಲು ವಿಶ್ವ ವ್ಯಾಪಾರ ಸಂಸ್ಥೆಯ ಸುರಿ ವಿರೋಧಿ ಒಪ್ಪಂದ ಅವಕಾಶ ಕೊಟ್ಟಿದೆ ಎಂಬುದು ಸಮಾಧಾನದ ಸಂಗತಿ.

ಗೂಡು ಬೆಳೆಯುವ ರೈತರ ಸ್ಥಿತಿ ಇನ್ನೂ ಕಷ್ಟದ್ದು. ತನಿಖೆ ನಡೆಯುವುದು ಕಚ್ಚಾ ರೇಷ್ಮೆಯ ಬಗ್ಗೆ. ಆದ್ದರಿಂದ ಹಾನಿಗೊಳಗಾದ ಉದ್ಯಮವೆಂದರೆ ಕಚ್ಚಾ ರೇಷ್ಮೆ ತಯಾರಿಸುವವರು ಮಾತ್ರ. ಕುರಿಮಾಂಸದ ಆಮದಿನ ಬಗ್ಗೆ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಅಮೆರಿಕದ ವಿರುದ್ಧ ಹೂಡಿದ್ದ ವ್ಯಾಜ್ಯದಲ್ಲಿ, ಮರಿಗಳನ್ನು ಸಾಕುವವರು ಮಾಂಸದ ಉತ್ಪಾದಕರಾಗುವುದಿಲ್ಲವೆಂದು ಸಂಸ್ಥೆಯ ಮೇಲ್ಮನವಿ ಪೀಠ 2001ರಲ್ಲಿ ತೀರ್ಮಾನಿಸಿತು. ಅದು ರಕ್ಷಣಾ ಕ್ರಮಗಳ ಬೇರೊಂದು ಒಪ್ಪಂದದ ಪ್ರಕರಣವಾದರೂ ತರ್ಕ ಇಲ್ಲಿಗೂ ಹೊಂದುತ್ತದೆ. ಆಮದಿನ ಪೆಟ್ಟು ಕಡೆಗೆ ತಲುಪುವುದು ಹುಳು ಗೂಡು ಕಟ್ಟುವ ರೈತನ ಚಂದ್ರಿಕೆಗೆ, ಆದರೆ ಅವನ ನಷ್ಟದ ಲೆಕ್ಕಕ್ಕೆ ಆ ಕಡತದಲ್ಲಿ ಅಂಕಣವಿಲ್ಲ.

ಅರ್ಜಿ ಸ್ವೀಕಾರವಾದ ಮೇಲೆ ಬರುವ ಘಟ್ಟದಲ್ಲೇ ನನ್ನ ವೃತ್ತಿಯ ಕೆಲಸ ಆರಂಭವಾಗುತ್ತದೆ. ಹಾನಿ ನಿವಾರಣೆಗೆ ಎಷ್ಟು ಸಾಕೋ ಅಷ್ಟೇ ಸುಂಕ ಎಂಬುದು ಭಾರತದ ಪದ್ಧತಿ. ಒಪ್ಪಂದ ಇದನ್ನು ಅಪೇಕ್ಷಣೀಯ ಎನ್ನುತ್ತದೆಯೇ ಹೊರತು ಕಡ್ಡಾಯ ಮಾಡಿಲ್ಲ. ಹೀಗಾಗಿ ದೇಶೀಯ ಉತ್ಪಾದಕನಿಗೆ ಹಾನಿಯಾಗದ ಬೆಲೆ ಎಷ್ಟೆಂದು ಲೆಕ್ಕ ಹಾಕಬೇಕಾಗುತ್ತದೆ. 1995ರ ಸುರಿ ವಿರೋಧಿ ನಿಯಮಗಳ ಮೂರನೇ ಅನುಬಂಧದ ಪ್ರಕಾರ, ತನಿಖಾ ಅವಧಿ ಮತ್ತು ಅದರ ಹಿಂದಿನ ಮೂರು ವರ್ಷಗಳಲ್ಲಿ ಕಚ್ಚಾವಸ್ತುವಿನ ಬಳಕೆ ಅತ್ಯುತ್ತಮವಾಗಿದ್ದ ಮಟ್ಟವನ್ನು ಆಧಾರವಾಗಿ ಹಿಡಿಯಬಹುದು. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕೆಂಬ ರೆಂಡಿಟ್ಟಾ ಒಳ್ಳೆಯ ದ್ವಿತಳಿ ಗೂಡಿನಲ್ಲಿ ಆರರ ಆಸುಪಾಸಿಗೆ ಇಳಿದರೆ, ಮಳೆಗಾಲದ ಮಿಶ್ರತಳಿಯಲ್ಲಿ ಎಂಟಕ್ಕೂ ಹೋಗುತ್ತದೆ. ಹವಾಮಾನ ಕೈಹಿಡಿದ ವರ್ಷವೇ ಮಾನದಂಡವಾದರೆ ವೆಚ್ಚ ಕಾಗದದ ಮೇಲೆ ಕುಗ್ಗುತ್ತದೆ, ಅದರೊಂದಿಗೆ ಸುಂಕವೂ ಕುಗ್ಗುತ್ತದೆ.

ಸಾಮಾನ್ಯವಾದ ಒಂದು ಘಟಕದ ಪುಸ್ತಕ ತೆರೆದರೆ ಇದರ ಪರಿಣಾಮ ತಿಳಿಯುತ್ತದೆ. ಗೂಡಿನ ಖರೀದಿಗೆ ಮಾರುಕಟ್ಟೆಯ ಚೀಟಿ ಇದೆ; ಅದರಲ್ಲಿ ಲಾಟು, ತೂಕ, ದರ ಎಲ್ಲವೂ ಖಚಿತ. ಬಾಯ್ಲರಿನ ಸೌದೆಗೆ ಬಿಲ್ಲಿಲ್ಲ. ಕೂಲಿ ವಾರಕ್ಕೊಮ್ಮೆ ನಗದಾಗಿ ಹೋಗಿದೆ, ಹೆಸರಿನ ಮುಂದೆ ಗುರುತು ಮಾತ್ರ ಇದೆ. ನೂಲು ಬಿಚ್ಚುವ ಬೇಸಿನ್ ಮುಂದೆ ದಿನವಿಡೀ ಕೂರುವ ಮನೆಯ ಹೆಂಗಸರ ದುಡಿಮೆಗೆ ಒಂದು ಸಾಲೂ ಇಲ್ಲ. ಗೂಡಿಗೆ ಹಣ ಕೊಟ್ಟ ಸಾಹುಕಾರನ ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಅಂದರೆ ವರ್ಷಕ್ಕೆ ಶೇ 24. ತನಿಖಾಧಿಕಾರಿಗಳು ರೂಢಿಯಂತೆ ಬಂಡವಾಳದ ಮೇಲೆ ಒಪ್ಪುವ ಪ್ರತಿಫಲ ಶೇ 22; ಬಡ್ಡಿ, ತೆರಿಗೆ, ಲಾಭ ಮೂರೂ ಅದರೊಳಗೇ ಬರಬೇಕು. ಬ್ಯಾಂಕಿನಿಂದ ಸಾಲ ಪಡೆಯುವ ಕಂಪನಿಗೆ ಈ ಸೂತ್ರ ಉದಾರವಾಗಿ ಕಾಣುತ್ತದೆ, ರೀಲರ್‌ಗೆ ಬಡ್ಡಿಯೂ ಹುಟ್ಟುವುದಿಲ್ಲ. ಬರೆಯದ ಖರ್ಚನ್ನು ಖರ್ಚೆಂದು ಒಪ್ಪಿಸುವುದು ನನ್ನಂಥವರಿಗೆ ಅತ್ಯಂತ ಕಠಿಣ, ಮನೆಯವರ ದುಡಿಮೆ ಹೀಗೆ ಬಿಟ್ಟುಹೋಗುವುದು ನನಗೆ ಪ್ರತಿ ಬಾರಿಯೂ ನೋವು ಕೊಡುತ್ತದೆ.

ಸರ್ಕಾರದ ಗೂಡಿನ ಮಾರುಕಟ್ಟೆಗಳಲ್ಲಿ ಇ-ಹರಾಜು ಬಂದ ಮೇಲೆ ಯಾವ ರೀಲರ್ ಯಾವ ದಿನ ಯಾವ ದರಕ್ಕೆ ಎಷ್ಟು ಗೂಡು ಕೊಂಡರೆಂಬ ಮಾಹಿತಿ ದಾಖಲಾಗುತ್ತಿದೆ. ಈ ಮಾಹಿತಿಯನ್ನು ರೀಲರ್‌ವಾರು ಸಂಗ್ರಹಿಸಿ, ಹಂಗಾಮುವಾರು ರೆಂಡಿಟ್ಟಾ ಪರೀಕ್ಷೆಯ ವರದಿಯನ್ನು ಅದಕ್ಕೆ ಜೋಡಿಸಿದರೆ ವೆಚ್ಚದ ಅತಿ ದೊಡ್ಡ ಭಾಗಕ್ಕೆ ಸರ್ಕಾರಿ ದಾಖಲೆಯ ಬಲ ಸಿಗುತ್ತದೆ, ಒಟ್ಟು ಉತ್ಪಾದನೆಯ ಅಂದಾಜೂ ಅದರಿಂದಲೇ ದೊರೆಯುತ್ತದೆ. ಇದನ್ನು ರೇಷ್ಮೆ ಇಲಾಖೆ ಮಾಡಬೇಕು. ಸೌದೆಯ ರಶೀದಿ, ಕೂಲಿಯ ಸಹಿ, ನೂಲು ಮಾರಿದ ಬಿಲ್ಲು ಇವು ಮೂರನ್ನು ರೀಲರ್‌ಗಳೇ ಇಟ್ಟುಕೊಳ್ಳಬೇಕು, ಮನೆಯವರ ದುಡಿಮೆಗೂ ಕೂಲಿಯ ದರದಲ್ಲಿ ಪಾವತಿ ಬರೆಯಬೇಕು. ಅರ್ಜಿಗೆ ಬೇಕಾಗುವುದು ಒಂದು ವರ್ಷದ ತನಿಖಾ ಅವಧಿ ಮತ್ತು ಅದಕ್ಕೂ ಹಿಂದಿನ ಮೂರು ವರ್ಷಗಳ ಲೆಕ್ಕ. ಆದ್ದರಿಂದ ಬೆಲೆ ಕುಸಿದ ತಿಂಗಳಲ್ಲಿ ಹೊಸ ಪುಸ್ತಕ ಕೊಂಡವರಿಗೆ ಆ ಕುಸಿತದ ವಿರುದ್ಧ ಪರಿಹಾರ ಕೇಳಲು ಆಗುವುದಿಲ್ಲ.