ಗ್ಲೂಕೋಸಿಗೆ ಬೀಗ ಹಾಕುವ ಹೆಕ್ಸೋಕೈನೇಸ್

ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಹಿಂಡಿ ರಸ ತೆಗೆದರು. ರಸ ಕೆಡದಿರಲಿ ಅಂತ ಸಕ್ಕರೆ ಬೆರೆಸಿದರು. ನೋಡಿದರೆ ಗುಳ್ಳೆ ಏಳತೊಡಗಿತ್ತು! ಜೀವಕೋಶವೇ ಇಲ್ಲದ ರಸ ಸಕ್ಕರೆಯನ್ನು ಹುಳಿಸುತ್ತಿದೆ ಎಂದು ಅವರು 1897ರಲ್ಲಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದದ್ದು ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು.

ಕೆಲವೇ ವರ್ಷಗಳಲ್ಲಿ ಲಂಡನ್ನಿನ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಇನ್ನೊಂದು ವಿಚಿತ್ರ ಕಂಡರು. ರಸದ ಕೆಲಸ ನಿಧಾನವಾದಾಗ ಫಾಸ್ಫೇಟ್ ಹಾಕಿದರೆ ಮತ್ತೆ ಚುರುಕಾಗುತ್ತಿತ್ತು. ಆ ಫಾಸ್ಫೇಟ್ ಹೋಗಿ ಸಕ್ಕರೆಗೇ ಅಂಟಿಕೊಂಡಿತ್ತು. ಒಡೆಯಬೇಕಾದ ಸಕ್ಕರೆಗೆ ಇನ್ನಷ್ಟು ಭಾರ ಯಾಕೆ?

1927ರಲ್ಲಿ ಒಟ್ಟೊ ಮೇಯರ್‌ಹಾಫ್‌ಗೆ ಸುಳಿವು ಸಿಕ್ಕಿತು. ಸ್ನಾಯುವಿನ ರಸ ಗ್ಲೂಕೋಸನ್ನು ಸರಿಯಾಗಿ ಒಡೆಯದಿದ್ದಾಗ, ಯೀಸ್ಟಿನಿಂದ ತೆಗೆದ ಒಂದು ಪದಾರ್ಥ ಸೇರಿಸಿದರೆ ಕೆಲಸ ಶುರುವಾಗುತ್ತಿತ್ತು. ಅದಕ್ಕೆ ಹೆಕ್ಸೋಕೈನೇಸ್ ಎಂದು ಹೆಸರಿಟ್ಟರು. 1929ರಲ್ಲಿ ಕಾರ್ಲ್ ಲೋಮನ್, ಕೋಶಕ್ಕೆ ಶಕ್ತಿಯ ನಾಣ್ಯದಂತಿರುವ ಎಟಿಪಿ ಎಂಬ ಅಣುವನ್ನು ಕಂಡುಹಿಡಿದ ಮೇಲೆ ಲೆಕ್ಕ ನಿಧಾನವಾಗಿ ಕೂಡಿಬಂತು. ಈ ಕಿಣ್ವ ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಗ್ಲೂಕೋಸಿಗೆ ಅಂಟಿಸುತ್ತದೆ. ಅಂದರೆ ಶಕ್ತಿ ಗಳಿಸುವ ಮೊದಲೇ ಖರ್ಚು! ಮುಂದೆ ಇನ್ನೊಂದು ಎಟಿಪಿ ಹೋಗುತ್ತದೆ, ಆಮೇಲೆ ನಾಲ್ಕು ಹುಟ್ಟುತ್ತವೆ. ಗ್ಲೂಕೋಸ್ ಒಡೆಯುವ ಈ ಇಡೀ ಹಂತದ ನಿವ್ವಳ ಲಾಭ ಎರಡು ಎಟಿಪಿ.

ಖರ್ಚು ಸುಮ್ನೆ ಅಲ್ಲ. ಫಾಸ್ಫೇಟ್ ಅಂಟಿದ ಗ್ಲೂಕೋಸ್ ಬಂದ ದಾರಿಯಲ್ಲಿ ಕೋಶದಿಂದ ಹೊರಗೆ ಹೋಗಲಾರದು. ಅದಕ್ಕೇ ಬೀಗ ಅಂದದ್ದು.

ನನಗೆ ಜಾಸ್ತಿ ಇಷ್ಟವಾದ ಒಗಟು ಇದರ ನಂತರದ್ದು. ಕೋಶದ ತುಂಬ ನೀರು. ಗ್ಲೂಕೋಸಿನಲ್ಲಿ ಫಾಸ್ಫೇಟ್ ಹಿಡಿಯುವ ಓಎಚ್ ಗುಂಪು (ಆಕ್ಸಿಜನ್-ಹೈಡ್ರೋಜನ್ ಜೋಡಿ) ನೀರಿನಲ್ಲೂ ಇದೆ. ಹಾಗಾದರೆ ಫಾಸ್ಫೇಟ್ ನೀರಿನ ಪಾಲಾಗಬೇಕಿತ್ತು, ಅಲ್ವಾ? ಗ್ಲೂಕೋಸ್ ಬಂದು ಕೂತಾಗ ಮಾತ್ರ ಕಿಣ್ವ ತನ್ನ ಆಕಾರ ಬದಲಿಸಿ ಕೆಲಸಕ್ಕೆ ಸಜ್ಜಾಗುತ್ತದೆ ಎಂದು 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡ್ ವಾದಿಸಿದರು. 1970ರ ದಶಕದಲ್ಲಿ ಥಾಮಸ್ ಸ್ಟೈಟ್ಸ್ ತಂಡ ಎಕ್ಸ್‌ರೇ ಮೂಲಕ ಯೀಸ್ಟಿನ ಹೆಕ್ಸೋಕೈನೇಸನ್ನು ನೋಡಿತು. ಗ್ಲೂಕೋಸನ್ನು ಕಚ್ಚಿದ ಬಾಯಿಯ ಹಾಗೆ ಅದರ ಎರಡು ಭಾಗಗಳು ಮುಚ್ಚಿಕೊಂಡಿದ್ದವು.

ಅದೇ ದಶಕದಲ್ಲಿ ಬೀಗಕ್ಕೆ ಹೊಸ ಕೆಲಸ ಸಿಕ್ಕಿತು. ವಿಕಿರಣ ಸೂಸುವ ಫ್ಲೋರಿನ್ ಸೇರಿಸಿದ ನಕಲಿ ಗ್ಲೂಕೋಸ್, ಎಫ್‌ಡಿಜಿ, ತಯಾರಾಯಿತು. ಹೆಕ್ಸೋಕೈನೇಸ್ ಮೋಸಹೋಗಿ ಅದಕ್ಕೂ ಫಾಸ್ಫೇಟ್ ಅಂಟಿಸುತ್ತದೆ. ಮುಂದಿನ ಕಿಣ್ವ ಮಾತ್ರ ಅದನ್ನು ಮುಟ್ಟುವುದಿಲ್ಲ. ಹೊರಗೂ ಹೋಗದೆ, ಒಡೆಯದೆ, ಅದು ಅಲ್ಲೇ ಉಳಿಯುತ್ತದೆ. ಸಕ್ಕರೆಯನ್ನು ಹೆಚ್ಚು ಕಬಳಿಸುವ ಕ್ಯಾನ್ಸರ್ ಗೆಡ್ಡೆಗಳು, ಆ ವಿಕಿರಣವನ್ನು ಹಿಡಿದು ಚಿತ್ರ ಮಾಡುವ ಪೆಟ್ ಸ್ಕ್ಯಾನ್‌ನಲ್ಲಿ ಹೊಳೆಯುವುದು ಇದರಿಂದಲೇ.