ಕಂಬಳಿ ಹೊದಿಸಿದರೆ ಆಮೆ ಬೆಚ್ಚಗಾಗದು

ಮಾಗಿ ಚಳಿಯ ರಾತ್ರಿ ಕರೆಂಟ್ ಹೋಗಿ ಆಮೆಯ ಹೀಟರ್ ಆರಿದರೆ ಸಾಕಿದವರ ಕೈ ಮೊದಲು ಹೋಗುವುದು ಕಂಬಳಿಯತ್ತ. ನಮಗೇನೋ ಕಂಬಳಿ ಸರಿ. ಸುಮ್ಮನೆ ಮಲಗಿರುವ ಮನುಷ್ಯನ ಮೈಯಿಂದಲೂ ಎಪ್ಪತ್ತು ಎಂಬತ್ತು ವ್ಯಾಟ್‌ನಷ್ಟು ಶಾಖ ಹೊರಬೀಳುತ್ತಿರುತ್ತದೆ, ಕಂಬಳಿ ಅದನ್ನು ಹಿಡಿದಿಡುತ್ತದೆ. ಆಮೆಯ ಮೈಯಲ್ಲಿ ಹುಟ್ಟುವ ಶಾಖ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ತಣ್ಣಗಾದ ಆಮೆಗೆ ಕಂಬಳಿ ಸುತ್ತಿದರೆ ಅದು ತಣ್ಣಗೇ ಉಳಿಯುತ್ತದೆ. ಬೆಳಿಗ್ಗೆ ಕೋಣೆ ಬಿಸಿಯಾದ ಮೇಲೂ ಆ ಬಿಸಿ ಒಳಗೆ ಇಳಿಯದಂತೆ ಅದೇ ಕಂಬಳಿ ತಡೆಯುತ್ತದೆ. ಆಮೆ ಇನ್ನೂ ಬೆಚ್ಚಗಿರುವಾಗಲೇ ಸುತ್ತಿದರೆ ಮಾತ್ರ ಉಪಯೋಗವುಂಟು. ಹಾಗಾಗಿ ಕರೆಂಟ್ ಹೋದ ಮೊದಲ ಅರ್ಧ ಗಂಟೆಯಲ್ಲಿ ಮಾಡುವ ಕೆಲಸಕ್ಕೆ, ಮಧ್ಯರಾತ್ರಿ ಎದ್ದು ಮಾಡುವ ಕೆಲಸಕ್ಕಿಂತ ಹೆಚ್ಚು ಬೆಲೆ.

ಯಾವ ಆಮೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ನಮ್ಮದೇ ನಾಡಿನ ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಅದು ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಯಲ್ಲಿದೆ. ‘ಅದೃಷ್ಟ ತರುತ್ತದೆ’ ಎಂದು ಯಾರೋ ಕೊಟ್ಟುಹೋದದ್ದು ಮನೆಯಲ್ಲಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ. ನೀವೇ ಒಯ್ದು ಯಾವುದೋ ಗುಡ್ಡದಲ್ಲಿ ಬಿಡಬೇಡಿ. ಬೆಂಗಳೂರಿನ ಮನೆಗಳಲ್ಲಿ ಸಾಕುವ ನೆಲದ ಆಮೆಗಳಲ್ಲಿ ಸಲ್ಕಾಟಾ ಒಂದು. ಅದು ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್ ಪ್ರದೇಶದ್ದು. ಅಂಗೈಯಲ್ಲಿ ಕೂರುವ ಮರಿ ಬೆಳೆದು 40 ಕೆಜಿ ಮೀರಬಹುದು. ವಿದೇಶಿ ಪ್ರಾಣಿಯಾದ್ದರಿಂದ ಇದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಸಲ್ಕಾಟಾ ಕುರಿತು.

ಸಹೇಲ್‌ನಲ್ಲೂ ರಾತ್ರಿ ಚಳಿಯಿರುತ್ತದೆ. ಆದರೆ ಸಲ್ಕಾಟಾ ಆ ಚಳಿಯಲ್ಲಿ ಬಯಲಿನಲ್ಲಿ ಮಲಗುವುದಿಲ್ಲ. ಹಲವು ಮೀಟರ್ ಉದ್ದದ ಬಿಲ ತೋಡಿ ಒಳಗೆ ಸೇರಿಕೊಳ್ಳುತ್ತದೆ. ಹಗಲು ಕಾದ ಮಣ್ಣು ನಿಧಾನವಾಗಿ ಆರುವುದರಿಂದ ಬಿಲದೊಳಗಿನ ಉಷ್ಣತೆ ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಾವು ಮಾಡಬೇಕಾದದ್ದೂ ಇಷ್ಟೇ: ಕರೆಂಟ್ ಇಲ್ಲದ ರಾತ್ರಿಗೆ ಒಂದು ಬಿಲ ಕಟ್ಟಿಕೊಡುವುದು.

920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಜನವರಿಯ ಕನಿಷ್ಠ ಉಷ್ಣತೆ ಸರಾಸರಿ 16 ಡಿಗ್ರಿ ಸೆಲ್ಸಿಯಸ್ ಆಸುಪಾಸು. ದಾಖಲೆಯ ಚಳಿ 1884ರ ಜನವರಿ 13ರದ್ದು, 7.8 ಡಿಗ್ರಿ. ಚಳಿದೇಶಗಳವರು ಇದನ್ನು ಚಳಿ ಎನ್ನಲಿಕ್ಕಿಲ್ಲ. ಆದರೂ ಆಮೆಗೆ ಈ ನಡುವಿನ ಉಷ್ಣತೆಯೇ ತೊಂದರೆ. ಚಳಿಗಾಲವಿಡೀ ನಿದ್ರಿಸುವ ಯುರೋಪ್ ಮತ್ತು ಮಧ್ಯ ಏಷ್ಯಾದ ಆಮೆಗಳಿಗೆ 5 ಡಿಗ್ರಿಯ ಸುತ್ತಮುತ್ತಲ ಚಳಿ ಬೇಕು. ಸಲ್ಕಾಟಾಕ್ಕೆ ಆ ನಿದ್ರೆಯೇ ಗೊತ್ತಿಲ್ಲ. ಹದಿನೈದು ಹದಿನಾರು ಡಿಗ್ರಿಯಲ್ಲಿ ಅದು ಮಂಕಾಗಿ ಕೂರುತ್ತದೆ, ಹೊಟ್ಟೆಯೊಳಗೆ ಹುಲ್ಲನ್ನು ಕೊಳೆಸಿ ಜೀರ್ಣಿಸುವ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗುತ್ತದೆ, ರೋಗದ ವಿರುದ್ಧ ಹೋರಾಡುವ ಶಕ್ತಿ ಕುಗ್ಗುತ್ತದೆ. ಒಂದು ರಾತ್ರಿಯಾದರೆ ದೊಡ್ಡ ಆಮೆ ತಾಳಿಕೊಳ್ಳುತ್ತದೆ. ಸಾಲಾಗಿ ನಾಲ್ಕೈದು ದಿನ ಹೀಗಾದರೆ ಕಾಯಿಲೆ ಬೀಳುತ್ತದೆ.

ಚಳಿಯ ಜೊತೆಗೆ ತೇವ ಸೇರಿದರೆ ಇನ್ನೂ ಕೆಟ್ಟದ್ದು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ ಬೆಂಗಳೂರಿಗೆ ಜಿನುಗು ಮಳೆ, ಬಿಸಿಲಿಲ್ಲದ ಹಗಲು, ಕೊರೆಯುವ ಗಾಳಿ ಎಲ್ಲ ಒಟ್ಟಿಗೆ ಬರುತ್ತವೆ. 2022ರ ಡಿಸೆಂಬರ್‌ನ ಮಾಂಡೌಸ್, 2024ರ ನವೆಂಬರ್ ಕೊನೆಯ ಫೆಂಗಲ್ ಬಂದಾಗ ಆದದ್ದು ಅದೇ. ಮರ ಬಿದ್ದು ತಂತಿ ಕಡಿದು ಕರೆಂಟ್ ಹೋಗುವುದೂ ಇಂಥ ದಿನಗಳಲ್ಲೇ. ಹತ್ತು ಗಂಟೆಯಿಂದ ಐದು ಗಂಟೆಯವರೆಗೆ ಎಂದು ಬೆಸ್ಕಾಂ ಮೊದಲೇ ತಿಳಿಸಿ ತೆಗೆಯುವ ಕರೆಂಟಿಗೆ ಹೆದರಬೇಕಿಲ್ಲ. ಜನವರಿಯ ಹಗಲು 27 ಡಿಗ್ರಿ ಮುಟ್ಟುತ್ತದೆ, ಬಿಸಿಲು ಯಾವ ಬಲ್ಬಿಗಿಂತಲೂ ಚೆನ್ನಾಗಿ ಕಾಯಿಸುತ್ತದೆ. ಅರ್ಧ ನೆರಳಿರುವ ಕಡೆ ಬಿಟ್ಟರೆ ಸಾಕು. ಗಾಜಿನ ತೊಟ್ಟಿಯನ್ನು ಮಾತ್ರ ಬಿಸಿಲಿಗೆ ಇಡಬೇಡಿ, ಚಳಿಗಾಲದಲ್ಲೂ ಅದರೊಳಗೆ ಮರಿ ಬೆಂದುಹೋಗುತ್ತದೆ.

ಇನ್ನು ಗಾತ್ರದ ವಿಷಯ. 100 ಗ್ರಾಂ ಮರಿಯೂ 20 ಕೆಜಿ ಆಮೆಯೂ ಒಂದೇ ವೇಗದಲ್ಲಿ ಆರುವುದಿಲ್ಲ. ಲೋಟದ ಕಾಫಿ ಬೇಗ ಆರುತ್ತದೆ, ಹಂಡೆಯ ನೀರು ಬೆಳಗಿನವರೆಗೂ ಉಗುರುಬೆಚ್ಚಗಿರುತ್ತದೆ, ಅದೇ ಲೆಕ್ಕ. ಅಂದಾಜು ಹೇಳಬೇಕೆಂದರೆ ಮರಿಯು ಕೋಣೆಗಿಂತ ಹೆಚ್ಚಾಗಿ ಉಳಿಸಿಕೊಂಡ ಬಿಸಿಯಲ್ಲಿ ಮೂರನೇ ಎರಡು ಪಾಲನ್ನು ಒಂದು ಗಂಟೆಯಲ್ಲಿ ಕಳೆದುಕೊಂಡರೆ, ದೊಡ್ಡದಕ್ಕೆ ಐದಾರು ಗಂಟೆ ಬೇಕು. ಮನೆಯಲ್ಲಿ ಎರಡೂ ಇದ್ದರೆ ಮೊದಲು ಮರಿಯನ್ನು ನೋಡಿಕೊಳ್ಳಿ.

ಬಿಲಕ್ಕೆ ಥರ್ಮೋಕೋಲ್ ಪೆಟ್ಟಿಗೆಗಿಂತ ಒಳ್ಳೆಯದು ಇಲ್ಲ. ಮೀನಿನ ಅಂಗಡಿಯಲ್ಲೋ ಔಷಧದ ಅಂಗಡಿಯಲ್ಲೋ ಕೇಳಿದರೆ ಸಿಗುತ್ತದೆ. ಮೀನಿನ ಪೆಟ್ಟಿಗೆಯನ್ನು ಸೋಪಿನಿಂದ ತೊಳೆದು ಎರಡು ದಿನ ಬಿಸಿಲಿಗಿಡಿ. ಆಮೆ ಥರ್ಮೋಕೋಲನ್ನು ಕಚ್ಚಿ ನುಂಗುತ್ತದೆ, ಕರುಳು ಕಟ್ಟಿಕೊಳ್ಳುತ್ತದೆ. ಆದ್ದರಿಂದ ನೇರವಾಗಿ ಅದರೊಳಗೆ ಬಿಡದೆ, ಪ್ಲಾಸ್ಟಿಕ್ ಕ್ರೇಟಿನಲ್ಲಿ ಕೂರಿಸಿ ಆ ಕ್ರೇಟನ್ನು ಪೆಟ್ಟಿಗೆಯೊಳಗೆ ಇಳಿಸಿ. ಕ್ರೇಟಿನ ತಳಕ್ಕೆ ಮೂರು ಬೆರಳು ದಪ್ಪ ಒಣಹುಲ್ಲು ಅಥವಾ ಪತ್ರಿಕೆಯ ಚೂರು ಹಾಕಿ. ಪೆಟ್ಟಿಗೆಯ ಎರಡು ಎದುರುಬದುರು ಗೋಡೆಗಳ ಮೇಲಂಚಿನಲ್ಲಿ ಪೆನ್ಸಿಲ್ ದಪ್ಪದ ಎರಡೆರಡು ತೂತು ಇದ್ದರೆ ಉಸಿರಿಗೆ ಸಾಲುತ್ತದೆ. ಪೆಟ್ಟಿಗೆಯನ್ನು ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ ಇಡಬೇಡಿ, ನೆಲ ಎಲ್ಲ ಶಾಖವನ್ನೂ ಹೀರಿಕೊಳ್ಳುತ್ತದೆ. ಮಂಚದ ಮೇಲೋ ಮೇಜಿನ ಮೇಲೋ ಇಡಿ.

ಈಗ ಶಾಖ ಎಷ್ಟು ಬೇಕೆಂದು ಲೆಕ್ಕ ಹಾಕೋಣ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ, ಎರಡೂವರೆ ಸೆಂ.ಮೀ. ದಪ್ಪ ಗೋಡೆಯ ಪೆಟ್ಟಿಗೆ. ಕೋಣೆಯಲ್ಲಿ 18 ಡಿಗ್ರಿ, ಪೆಟ್ಟಿಗೆಯೊಳಗೆ 28 ಬೇಕು. ಹತ್ತು ಡಿಗ್ರಿಯ ಈ ವ್ಯತ್ಯಾಸಕ್ಕೆ ಗೋಡೆಗಳಿಂದ ಸೋರುವ ಶಾಖ ಸುಮಾರು 14 ವ್ಯಾಟ್. ಗೋಡೆ 5 ಸೆಂ.ಮೀ. ದಪ್ಪವಿದ್ದರೆ 8 ವ್ಯಾಟ್ ಮಾತ್ರ. 100 ವ್ಯಾಟ್ ಹೀಟರ್ ಬಲ್ಬ್ ಉರಿಸಿಯೂ ತೆರೆದ ತೊಟ್ಟಿ ಬೆಚ್ಚಗಾಗದ ಕಡೆ, ಮುಚ್ಚಿದ ಪೆಟ್ಟಿಗೆ ರಾತ್ರಿದೀಪದಷ್ಟು ಶಾಖದಲ್ಲಿ ಬೆಚ್ಚಗಿರುತ್ತದೆ!

ಅಷ್ಟು ಶಾಖವನ್ನು ಬಿಸಿನೀರೇ ಕೊಡಬಲ್ಲದು. 50 ಡಿಗ್ರಿಯ ನಾಲ್ಕು ಲೀಟರ್ ನೀರು 28ಕ್ಕೆ ಇಳಿಯುವಷ್ಟರಲ್ಲಿ ಸುಮಾರು 100 ವ್ಯಾಟ್-ಗಂಟೆಯಷ್ಟು ಶಾಖ ಬಿಟ್ಟುಕೊಡುತ್ತದೆ, ಅಂದರೆ 14 ವ್ಯಾಟ್‌ನಂತೆ ಏಳು ಗಂಟೆ. ಅಡುಗೆಮನೆಯ ಗ್ಯಾಸ್ ಒಲೆಗೆ ಕರೆಂಟ್ ಬೇಕಿಲ್ಲ. ಥರ್ಮಾಮೀಟರ್ ಇಲ್ಲದೆ 50 ಡಿಗ್ರಿ ಹದ ಮಾಡಲು ಮೂರು ಲೋಟ ಕುದಿಯುವ ನೀರಿಗೆ ಐದು ಲೋಟ ನಲ್ಲಿ ನೀರು ಬೆರೆಸಿ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದು 97 ಡಿಗ್ರಿಯಲ್ಲಿ, ಚಳಿಗಾಲದ ಸಂಪಿನ ನೀರು 22ರ ಆಸುಪಾಸು. ಬೆರೆಸಿದರೆ ಸರಿಯಾಗಿ 50ಕ್ಕೆ ಬರುತ್ತದೆ. ಕುದಿಯುವ ನೀರನ್ನೇ ತುಂಬಿದರೆ ಪ್ಲಾಸ್ಟಿಕ್ ಬಾಟಲಿ ಮೆತ್ತಗಾಗಿ ಸೋರುತ್ತದೆ, ಸ್ಟೀಲ್ ಬಾಟಲಿಯಾದರೆ ಆಮೆಯನ್ನು ಸುಡುತ್ತದೆ.

ನಾಲ್ಕೂ ಲೀಟರನ್ನು ಒಂದೇ ಸಲ ಇಡುವುದು ತಪ್ಪು. ನೀರು ಮೊದಲ ಗಂಟೆಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಶಾಖ ಕೊಟ್ಟು, ಬೆಳಗಿನ ಜಾವ ಚಳಿ ಹೆಚ್ಚಾದಾಗ ಕೈಬಿಡುತ್ತದೆ. ಎರಡು ಲೀಟರಿನ ಒಂದು ಬಾಟಲಿಯಿಂದ ಶುರುಮಾಡಿ, ಮೂರು ಗಂಟೆಗೊಮ್ಮೆ ಬದಲಿಸಿ. ಬಾಟಲಿಗೆ ಹಳೆಯ ಟವೆಲ್ ಎರಡು ಸುತ್ತು ಸುತ್ತಿ ಕ್ರೇಟಿನ ಹೊರಗೆ, ಪೆಟ್ಟಿಗೆಯ ಒಂದು ತುದಿಗೆ ಮಾತ್ರ ಇಡಿ. ಆಗ ಆಮೆಗೆ ಹೆಚ್ಚಾಯಿತೆನಿಸಿದರೆ ಇನ್ನೊಂದು ತುದಿಗೆ ಸರಿಯಬಹುದು. ಕೆಳಗಿನಿಂದ ಬಿಸಿ ಕೊಡಲೇಬೇಡಿ. ಬಿಸಿಲು ಮೇಲಿನಿಂದ ಬೀಳುವುದಕ್ಕೆ ಹೊಂದಿಕೊಂಡ ಪ್ರಾಣಿ ಇದು; ಹೊಟ್ಟೆಯ ಚಿಪ್ಪು ಸುಡುತ್ತಿದ್ದರೂ ಅಲ್ಲಾಡದೆ ಕುಳಿತಿರುತ್ತದೆ, ಗಾಯ ಕಾಣುವುದು ಎಷ್ಟೋ ದಿನದ ಮೇಲೆ.

ಮರಿಗೆ 26ರಿಂದ 28 ಡಿಗ್ರಿ, ಬೆಳೆದದ್ದಕ್ಕೆ 20 ಡಿಗ್ರಿಗಿಂತ ಮೇಲಿದ್ದರೆ ರಾತ್ರಿ ಸಾಕು. ತುದಿಗೆ ತಂತಿಯಿರುವ ಅಗ್ಗದ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಆಮೆಯ ಪಕ್ಕದಲ್ಲೇ ಇರಿಸಿ, ಮುಚ್ಚಳದ ಹತ್ತಿರ ಬೇಡ. ಕೊರೊನಾ ಕಾಲದಲ್ಲಿ ಕೊಂಡ ಹಣೆಗೆ ಹಿಡಿಯುವ ಥರ್ಮಾಮೀಟರ್ ಮನೆಯಲ್ಲಿದ್ದರೆ ಚಿಪ್ಪಿನ ಮೇಲ್ಮೈ ಅಳೆಯಲು ಅದೂ ಆಗುತ್ತದೆ. ಜ್ವರ ನೋಡುವ ಕ್ರಮದಲ್ಲಿ ಅದು 30ಕ್ಕಿಂತ ಕೆಳಗಿನ ಅಂಕಿ ತೋರಿಸುವುದಿಲ್ಲ, ವಸ್ತುವಿನ ಮೇಲ್ಮೈ ಅಳೆಯುವ ಕ್ರಮಕ್ಕೆ ಬದಲಿಸಿಕೊಳ್ಳಬೇಕು.

ಯುಪಿಎಸ್ ಇದ್ದವರಿಗೆ ಇಷ್ಟು ಓಡಾಟವಿಲ್ಲ, ಆದರೆ ಲೆಕ್ಕ ತಪ್ಪಬಾರದು. 12 ವೋಲ್ಟ್‌ನ 150 ಆಂಪಿಯರ್-ಗಂಟೆ ಬ್ಯಾಟರಿಯ ಮೇಲೆ ಬರೆದಿರುವ ಲೆಕ್ಕ 1,800 ವ್ಯಾಟ್-ಗಂಟೆ. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುವಂತಿಲ್ಲ, ಇನ್ವರ್ಟರಿನಲ್ಲೂ ಸ್ವಲ್ಪ ನಷ್ಟವಾಗುತ್ತದೆ. ಬಳಕೆಗೆ ಸಿಗುವುದು ಸಾವಿರದ ಸುತ್ತಮುತ್ತ. ಫ್ಯಾನು, ದೀಪ, ವೈಫೈ ಜೊತೆಗೆ 100 ವ್ಯಾಟ್ ಸೆರಾಮಿಕ್ ಹೀಟರ್ ಹಾಕಿದರೆ ಬೆಳಗಾಗುವ ಮೊದಲೇ ಬ್ಯಾಟರಿ ಮುಗಿದು ಯುಪಿಎಸ್ ಕೂಗಿಕೊಳ್ಳುತ್ತದೆ. ಅದೇ ಪೆಟ್ಟಿಗೆಯ ಒಳಗೋಡೆಗೆ 25 ವ್ಯಾಟ್ ಹೀಟ್ ಮ್ಯಾಟ್ (ಬಿಸಿಯಾಗುವ ತೆಳು ಹಾಳೆ) ನಿಲ್ಲಿಸಿ, ಉಷ್ಣತೆ ನೋಡಿಕೊಂಡು ಅದನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಜೋಡಿಸಿದರೆ ಎಂಟು ಗಂಟೆಗೆ ನೂರಿಪ್ಪತ್ತು ವ್ಯಾಟ್-ಗಂಟೆ ದಾಟುವುದಿಲ್ಲ. ಎಸ್.ಪಿ. ರೋಡಿನಲ್ಲಿ ಸಿಗುವ, ಆನ್-ಆಫ್ ಮಾತ್ರ ಮಾಡುವ ಎಸ್‌ಟಿಸಿ-1000 ಮಾದರಿ ಇದಕ್ಕೆ ಸಾಕು. ಸ್ಕ್ವೇರ್ ವೇವ್ ಯುಪಿಎಸ್ ಇರುವ ಮನೆಯಲ್ಲಿ ಡಿಮ್ಮರ್ ಮಾದರಿಯ ಥರ್ಮೋಸ್ಟಾಟ್ ಬೇಡ. ಅದು ಮನೆಗೆ ಬರುವ ಕರೆಂಟಿನ ನುಣುಪಾದ ಏರಿಳಿತವನ್ನು, ಅಂದರೆ ಸೈನ್ ಅಲೆಯನ್ನು, ಕತ್ತರಿಸಿ ಕೆಲಸ ಮಾಡುವಂಥದ್ದು; ಸ್ಕ್ವೇರ್ ವೇವ್ ಯುಪಿಎಸ್ ಕೊಡುವುದು ಚೌಕಾಕಾರದ ಅಲೆ. ಅಲೆಯ ಆಕಾರ ಬದಲಾದರೆ ಅದರ ನಿಯಂತ್ರಣ ತಪ್ಪುತ್ತದೆ.

ಕೆಂಡದ ಅಗ್ಗಿಷ್ಟಿಕೆ, ಮೇಣದಬತ್ತಿ, ಮುಚ್ಚಿದ ಕೋಣೆಯಲ್ಲಿ ಹಚ್ಚಿಟ್ಟ ಗ್ಯಾಸ್ ಒಲೆ, ಬಾಲ್ಕನಿಯಲ್ಲಿ ಓಡುವ ಜನರೇಟರ್ ಇವು ಯಾವುವೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಆಮೆಗಿಂತ ಮೊದಲು ಮನೆಯವರ ಜೀವ ತೆಗೆಯುತ್ತದೆ. ಹೊಗೆಯಂತೂ ಆಮೆಯ ಶ್ವಾಸಕೋಶಕ್ಕೆ ತೀರಾ ಕೆಟ್ಟದ್ದು. ಅದಕ್ಕೆ ನಮ್ಮಂತೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಇಲ್ಲ, ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ಬೆನ್ನಿನ ಚಿಪ್ಪಿನ ಕೆಳಗಿರುವ ಶ್ವಾಸಕೋಶದೊಳಗೆ ಸೇರಿದ್ದು ಅಲ್ಲೇ ಉಳಿಯುತ್ತದೆ.

ಪೆಟ್ಟಿಗೆಯಲ್ಲಿ ಹಿಡಿಸದ ದೊಡ್ಡ ಆಮೆಯನ್ನು ಅಂಗಳದಿಂದಲೋ ತಾರಸಿಯಿಂದಲೋ ಮನೆಯೊಳಗೆ ತಂದು, ಮೈ ಒರೆಸಿ, ಚಿಕ್ಕ ಕೋಣೆಯಲ್ಲಿ ಬಿಡಿ. ನೆಲಕ್ಕೆ ರಟ್ಟು, ಅದರ ಮೇಲೆ ನಾಲ್ಕು ಮಡಿಕೆ ಗೋಣಿಚೀಲ. ಒಣಗಿದ ಮೈಯ 20 ಕೆಜಿ ಆಮೆಗೆ 18–20 ಡಿಗ್ರಿಯ ಕೋಣೆಯಲ್ಲಿ ಒಂದು ರಾತ್ರಿ ಕಳೆಯುವುದು ಕಷ್ಟವಲ್ಲ.

ಮೈ ತಣ್ಣಗಿರುವಾಗ ಮೇವು ಹಾಕಬೇಡಿ. ಜೀರ್ಣವಾಗದ ಹುಲ್ಲು ಹೊಟ್ಟೆಯಲ್ಲೇ ಕೆಟ್ಟು ಗಾಳಿ ತುಂಬುತ್ತದೆ. ಎರಡು ದಿನ ಉಪವಾಸವಿದ್ದರೆ ಬೆಳೆದ ಆಮೆಗೆ ಏನೂ ಆಗುವುದಿಲ್ಲ. ಕರೆಂಟ್ ಬಂದೊಡನೆ ಹೀಟರನ್ನು ಗರಿಷ್ಠಕ್ಕೆ ತಿರುಗಿಸಬೇಡಿ, ಮೂರು ನಾಲ್ಕು ಗಂಟೆಯಲ್ಲಿ ನಿಧಾನವಾಗಿ ಏರಲಿ. ಥರ್ಮೋಸ್ಟಾಟಿನಲ್ಲಿ ಮೊದಲಿನ ಅಂಕಿಯೇ ಇದೆಯೇ, ಟೈಮರ್ ಸರಿಯಾದ ಗಂಟೆ ತೋರಿಸುತ್ತಿದೆಯೇ ನೋಡಿ. ಮೈ ಬೆಚ್ಚಗಾದ ಮೇಲೆ 30 ಡಿಗ್ರಿಯ ನೀರಿನಲ್ಲಿ, ಗಲ್ಲ ಮುಟ್ಟದಷ್ಟು ಆಳದಲ್ಲಿ, ಕಾಲು ಗಂಟೆ ಕೂರಿಸಿ, ಪೂರ್ತಿ ಒರೆಸಿ. ಮಾರನೆಯ ದಿನದಿಂದ ಹುಲ್ಲು.

ಮುಂದಿನ ಎರಡು ವಾರ ಮೂಗನ್ನು ಗಮನಿಸುತ್ತಿರಿ. ಮೂಗಿನಲ್ಲಿ ಗುಳ್ಳೆ, ಉಸಿರಾಡುವಾಗ ಸಿಳ್ಳೆಯಂಥ ಸದ್ದು, ಕತ್ತು ಚಾಚಿ ಬಾಯಿ ತೆರೆದು ಉಸಿರೆಳೆಯುವುದು, ಇವುಗಳಲ್ಲಿ ಒಂದು ಕಂಡರೂ ಸರೀಸೃಪಗಳನ್ನು ನೋಡಿ ಅನುಭವವಿರುವ ಪಶುವೈದ್ಯರ ಬಳಿ ಅದೇ ದಿನ ಒಯ್ಯಿರಿ. ನಾಯಿಗೋ ಬೆಕ್ಕಿಗೋ ಕೊಟ್ಟು ಉಳಿದ ಆಂಟಿಬಯೋಟಿಕ್ ಹಾಕಬೇಡಿ. ಆಮೆಯ ಮೈಯಲ್ಲಿ ಔಷಧ ಹರಡುವ ವೇಗವೂ ಮೈಯ ಉಷ್ಣತೆಯನ್ನೇ ಅವಲಂಬಿಸಿರುತ್ತದೆ, ತಣ್ಣಗಿರುವ ಆಮೆಗೆ ಔಷಧವೂ ಹತ್ತುವುದಿಲ್ಲ. ವೈದ್ಯರ ಬಳಿಗೆ ಹೋಗುವಾಗಲೂ ಆಟೋದ ತಣ್ಣನೆ ಗಾಳಿಗೆ ಒಡ್ಡದೆ, ಅದೇ ಪೆಟ್ಟಿಗೆಯಲ್ಲಿ, ಅದೇ ಬಿಸಿನೀರಿನ ಬಾಟಲಿಯ ಜೊತೆಗೆ ಒಯ್ಯಬೇಕು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಆ ಪೆಟ್ಟಿಗೆ ಅಟ್ಟದ ಮೇಲಿರದೆ ಕೈಗೆ ಸಿಗುವ ಕಡೆ ಇರಲಿ.